ಪರಿಮಳದ ಬಿಲ್ಲೆಗೆ ಯಾವ ಮೇಣ? ಎಷ್ಟು ಪಾಲು?



ಇಂದಿನ ಮಾತು ಮೇಣದ್ದು. ಮೇಣ ಅಂದಕೂಡಲೆ ನಿಮಗೆ ಹಲಸಿನ ಹಣ್ಣಿನ ಮೇಣ ನೆನಪಾದೀತು. ಅದಲ್ಲ, ಜೇನಿನ ಮೇಣ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮನೆಗಳಿಗೆ ಇದೇನೂ ಹೊಸ ಪದಾರ್ಥವಲ್ಲ. ಹಣೆಯ ಮೇಲೆ ಕುಂಕುಮ ನಿಲ್ಲಲಿ ಅಂತ ಹಿಂದಿನವರು ಮೊದಲು ಒಂದು ಚೂರು ಮೇಣ ಸವರಿ, ಅದರ ಮೇಲೆ ಕುಂಕುಮ ಇಡುತ್ತಿದ್ದರು. ಚಪ್ಪಲಿ ಹೊಲಿಯುವವರು ದಾರಕ್ಕೆ ಮೇಣ ಉಜ್ಜುತ್ತಿದ್ದರು. ಪಂಚಲೋಹದ ವಿಗ್ರಹ ಎರಕ ಹೊಯ್ಯುವವರು ಮೊದಲು ಮೇಣದಲ್ಲಿ ವಿಗ್ರಹ ಮಾಡಿ, ಅದಕ್ಕೆ ಮಣ್ಣು ಮೆತ್ತಿ, ಮೇಣ ಕರಗಿಸಿ ಹೊರಕ್ಕೆ ಬಿಟ್ಟು, ಆ ಜಾಗಕ್ಕೆ ಲೋಹ ಸುರಿಯುತ್ತಾರೆ.

ಇಷ್ಟು ಬೆಲೆಬಾಳುವ ಪದಾರ್ಥವನ್ನು ನಾವು ಏನು ಮಾಡುತ್ತಿದ್ದೇವೆ? ಎರಿ ಹಿಂಡಿ ಜೇನು ತೆಗೆದು, ಉಳಿದ ಹಿಪ್ಪೆಯನ್ನು ಎಷ್ಟೋ ಮನೆಗಳಲ್ಲಿ ಹಿತ್ತಿಲಿಗೆ ಎಸೆಯುತ್ತಾರೆ. ಇಲ್ಲವೆ ಬಾಗಿಲಿಗೆ ಬಂದವರಿಗೆ ಕೇಳಿದಷ್ಟಕ್ಕೆ ಕೊಟ್ಟುಬಿಡುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಒಂದು ಕಿಲೋ ಮೇಣ ಸ್ರವಿಸಬೇಕಾದರೆ ಜೇನುಹುಳುಗಳು ಸುಮಾರು ೬ರಿಂದ ೮ ಕಿಲೋ ಜೇನು ತಿನ್ನಬೇಕು ಎಂದು ಲೆಕ್ಕ ಹಾಕಿದ್ದಾರೆ. ನಾವು ಎಸೆಯುತ್ತಿರುವುದು ಅಷ್ಟು ಜೇನಿನ ಫಲವನ್ನು.

ಈ ಮೇಣದಿಂದ ಮನೆಯಲ್ಲೇ ಮಾಡಬಹುದಾದ ಒಂದು ಸಣ್ಣ ಪದಾರ್ಥದ ವಿಚಾರ ಈಗ ಹೇಳುತ್ತೇನೆ. ಅದೇ ಪರಿಮಳದ ಮೇಣದ ಬಿಲ್ಲೆ.

ಬಿಲ್ಲೆ ಎಂದರೇನು?

ಮೇಣದ ಬತ್ತಿ ನಿಮಗೆ ಗೊತ್ತು. ಅದರಲ್ಲಿ ಬತ್ತಿ ಇರುತ್ತದೆ, ಮೇಣವೇ ಉರಿಯುತ್ತದೆ. ಈ ಬಿಲ್ಲೆಯಲ್ಲಿ ಬತ್ತಿ ಇಲ್ಲ. ಒಂದು ಮಣ್ಣಿನ ಬಟ್ಟಲಲ್ಲಿ ಬಿಲ್ಲೆ ಇಟ್ಟು, ಕೆಳಗೆ ಸಣ್ಣ ದೀಪ ಹಚ್ಚಬೇಕು. ಪೇಟೆಯವರು ವಿದ್ಯುತ್ತಿನ ಬಟ್ಟಲನ್ನೂ ಬಳಸುತ್ತಾರೆ. ಮೇಣ ಕರಗುತ್ತದೆ, ಉರಿಯುವುದಿಲ್ಲ. ಅದರೊಳಗೆ ಬೆರೆಸಿದ ಪರಿಮಳದ ಎಣ್ಣೆ ಮಾತ್ರ ನಿಧಾನವಾಗಿ ಆವಿಯಾಗಿ ಕೋಣೆ ತುಂಬುತ್ತದೆ. ಪರಿಮಳ ಮುಗಿದ ಮೇಲೂ ಮೇಣ ಹಾಗೇ ಉಳಿದಿರುತ್ತದೆ.

ಆದುದರಿಂದ ಇಲ್ಲಿ ಮೇಣದ ಕೆಲಸ ಮೂರು. ಒಂದು, ಪರಿಮಳದ ಎಣ್ಣೆಯನ್ನು ಸೋರದಂತೆ ಹಿಡಿದಿಟ್ಟುಕೊಳ್ಳಬೇಕು. ಎರಡು, ಸಣ್ಣ ದೀಪದ ಕಾವಿಗೇ ಕರಗಿ ಆ ಎಣ್ಣೆಯನ್ನು ಬಿಟ್ಟುಕೊಡಬೇಕು. ಮೂರು, ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಮೇಲೆ ಹೋದರೂ, ಅಂಗಡಿಯ ತಗಡಿನ ಸೂರಿನ ಕೆಳಗೆ ಕೂತರೂ ಆಕಾರ ಕೆಡಬಾರದು. ಬಿಟ್ಟುಕೊಡಲು ಮೆತ್ತಗಿನ ಮೇಣ ಒಳ್ಳೆಯದು, ಆಕಾರ ನಿಲ್ಲಲು ಗಟ್ಟಿ ಮೇಣ ಒಳ್ಳೆಯದು. ಇವೆರಡೂ ಒಂದೇ ಮೇಣದಲ್ಲಿ ಸಿಗುವುದು ಕಷ್ಟ. ಅದಕ್ಕೇ ಮೇಣಗಳನ್ನು ಬೆರೆಸಿ ಹದ ಮಾಡಬೇಕಾಗುತ್ತದೆ.

ಮೇಣಗಳ ಗುಣ

ಮೇಣದ ಗುಣ ತಿಳಿಯಲು ಮೊದಲು ನೋಡಬೇಕಾದದ್ದು ಅದು ಎಷ್ಟು ಕಾವಿಗೆ ಕರಗುತ್ತದೆ ಎಂಬುದು. ಹೊಗೆಸೊಪ್ಪಿನ ಬ್ಯಾರನ್ ನಡೆಸುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲೆ ಹಳದಿಗೆ ತಿರುಗುವಾಗ ೯೫ರಿಂದ ೧೦೦ ಡಿಗ್ರಿ ಫ್ಯಾರನ್‌ಹೀಟ್, ಕಡ್ಡಿ ಒಣಗಿಸುವಾಗ ೧೬೦ರ ತನಕ, ಹೀಗೆ ಉಷ್ಣಮಾಪಕ ನೋಡಿ ಬೆಂಕಿ ಏರಿಸಿ ಇಳಿಸಿ ಮಾಡುವವರು ನೀವು. ಮೇಣದ ಕೆಲಸವೂ ಅದೇ ಅಳತೆಯೊಳಗೆ ನಡೆಯುತ್ತದೆ.

ಜೇನುಮೇಣ ಕರಗುವುದು ೬೨ರಿಂದ ೬೪ ಡಿಗ್ರಿ ಸೆಂಟಿಗ್ರೇಡಿಗೆ. ಫ್ಯಾರನ್‌ಹೀಟಿನಲ್ಲಿ ಹೇಳಿದರೆ ೧೪೪ರಿಂದ ೧೪೭. ಗಟ್ಟಿ ಮೇಣ, ತನ್ನದೇ ಜೇನಿನ ವಾಸನೆ ಉಂಟು, ಎಷ್ಟು ವರ್ಷ ಇಟ್ಟರೂ ಕೆಡುವುದಿಲ್ಲ. ದೋಷವೆಂದರೆ ಒಂಟಿಯಾಗಿ ಬಳಸಿದರೆ ಸಣ್ಣ ದೀಪಕ್ಕೆ ಬೇಗ ಕರಗದು. ತನ್ನ ವಾಸನೆಯಿಂದ ನಯವಾದ ಪರಿಮಳಗಳನ್ನು ಮುಚ್ಚಿಯೂ ಬಿಡುತ್ತದೆ.

ಸೋಯಾ ಮೇಣ ಸೋಯಾ ಅವರೆಯ ಎಣ್ಣೆಯಿಂದ ಆದದ್ದು. ೧೯೯೦ರ ದಶಕದ ಮೊದಲಲ್ಲಿ ಅಮೆರಿಕಾದಲ್ಲಿ ಬಳಕೆಗೆ ಬಂತು. ವನಸ್ಪತಿ ತುಪ್ಪವನ್ನು ಹೇಗೆ ಮಾಡುತ್ತಾರೆ? ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿ ಮಾಡುತ್ತಾರೆ. ಅದೇ ಕೆಲಸವನ್ನು ಇನ್ನೂ ಮುಂದಕ್ಕೆ ಒಯ್ದರೆ ಸೋಯಾ ಮೇಣ. ಇದು ಕಾರ್ಖಾನೆಯ ಕೆಲಸ, ಮನೆಯಲ್ಲಿ ಆಗದು, ಕೊಂಡು ತರಬೇಕು. ಸುಮಾರು ೫೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಕರಗುತ್ತದೆ. ಪರಿಮಳವನ್ನು ಚೆನ್ನಾಗಿ ಹಿಡಿಯುತ್ತದೆ, ಚೆನ್ನಾಗಿ ಬಿಡುತ್ತದೆ. ಆದರೆ ಮೆತ್ತಗೆ. "ಹಾಗಾದರೆ ವನಸ್ಪತಿಯನ್ನೇ ಹಾಕಬಾರದೇ?" ಅಂತೀರಾ. ಬೇಡಿ. ಅದು ೪೦ ಡಿಗ್ರಿಯ ಒಳಗೇ ಕರಗಿಬಿಡುತ್ತದೆ, ಕೆಲವು ತಿಂಗಳಲ್ಲಿ ಕನರು ವಾಸನೆ ಹೊಡೆಯುತ್ತದೆ.

ಪ್ಯಾರಾಫಿನ್ ಕಲ್ಲೆಣ್ಣೆಯಿಂದ ಬಂದದ್ದು. ಅಂಗಡಿಯ ಬಿಳಿ ಮೇಣದ ಬತ್ತಿ ಬಹುಮಟ್ಟಿಗೆ ಇದೇ. ಬತ್ತಿಗೆ ಬಳಸುವ ತರಗತಿ ೬೦ ಡಿಗ್ರಿ ಸೆಂಟಿಗ್ರೇಡಿನ ಸುತ್ತಮುತ್ತ ಕರಗುತ್ತದೆ. ಅಗ್ಗ, ಪರಿಮಳವನ್ನು ಜೋರಾಗಿ ಬಿಡುತ್ತದೆ, ಆದರೆ ಬಿರುಕು ಬಿಡುವ ಗುಣ ಉಂಟು. ಅದಕ್ಕೇ ಸ್ಟಿಯರಿಕ್ ಆಸಿಡ್ ಎಂಬ ಬಿಳಿ ಹರಳನ್ನು ಹತ್ತರಲ್ಲಿ ಒಂದು ಪಾಲು ಸೇರಿಸುತ್ತಾರೆ.

ಕೊಬ್ಬರಿ ಎಣ್ಣೆ ೨೪ ಡಿಗ್ರಿಗೇ ಕರಗುತ್ತದೆ. ಅದು ಮೇಣವಲ್ಲ, ಗಟ್ಟಿ ಮೇಣವನ್ನು ಮೆತ್ತಗೆ ಮಾಡುವ ಸಹಾಯಕ ಮಾತ್ರ.

ಕೃಷ್ಣರಾಜನಗರದ ಕಡೆಯವರಿಗೆ ಒಂದು ವಿಶೇಷ. ನಿಮ್ಮ ಗಿರಣಿಗಳ ತೌಡಿನಲ್ಲೂ ಮೇಣ ಇದೆ! ತೌಡಿನ ಎಣ್ಣೆ ಶುದ್ಧಿ ಮಾಡುವಾಗ ಕಾರ್ಖಾನೆಯವರು ಈ ಮೇಣವನ್ನು ಬೇರ್ಪಡಿಸುತ್ತಾರೆ. ಸುಮಾರು ೮೦ ಡಿಗ್ರಿಗೆ ಕರಗುವ ಬಹು ಗಟ್ಟಿ ಮೇಣ. ನೂರಕ್ಕೆ ಎರಡು ಮೂರು ಪಾಲು ಸೇರಿಸಿದರೆ ಬಿಲ್ಲೆ ಬಿಗಿಯಾಗುತ್ತದೆ. ಮನೆಯಲ್ಲಿ ತೌಡಿನಿಂದ ಅದನ್ನು ತೆಗೆಯಲಾಗದು, ಕೊಂಡೇ ತರಬೇಕು.

ಎರಿಯಿಂದ ಮೇಣ ತೆಗೆಯುವ ಕ್ರಮ

ಎರಿ ಹಿಂಡಿ ಜೇನು ತೆಗೆದರೆ ಸುಮಾರು ೧೦ ಕಿಲೋ ಜೇನಿಗೆ ಒಂದು ಕಿಲೋದಷ್ಟು ಮೇಣ ಸಿಕ್ಕೀತು. ಪೆಟ್ಟಿಗೆಯ ತುಡುವೆ ಜೇನನ್ನು ಯಂತ್ರದಲ್ಲಿ ತಿರುಗಿಸಿ ತೆಗೆದರೆ ಎರಿ ಮತ್ತೆ ಹುಳುಗಳಿಗೇ ಹೋಗುತ್ತದೆ, ಮೇಣ ಬಹಳ ಕಡಿಮೆ. ಕಾಡಂಚಿನ ಹಾಡಿಗಳಲ್ಲಿ ಹೆಜ್ಜೇನಿನ ಎರಿಯಿಂದ ಹೆಚ್ಚು ಮೇಣ ಸಿಗುತ್ತದೆ. ಜೇನು ಕುರುಬರ ಕೈಗೆ ಈ ವಿದ್ಯೆ ತಲೆತಲಾಂತರದಿಂದ ಬಂದದ್ದು. ೨೦೦೬ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳನ್ನು ಹೆಸರಿಸುವಾಗ ಜೇನಿನ ಜೊತೆಗೆ ಮೇಣವನ್ನೂ ಹೆಸರಿಸಿದೆ. ಅವರಿಂದ ಮೇಣ ಕೊಳ್ಳುವವರು ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಿರಿ. ಎರಿ ಕೀಳುವವರು ಜೇನು ತುಂಬಿದ ಭಾಗವನ್ನಷ್ಟೇ ಕೊಯ್ದು, ಮರಿಹುಳು ಇರುವ ಭಾಗವನ್ನು ಬಿಟ್ಟರೆ ಮುಂದಿನ ವರ್ಷವೂ ಜೇನು ಉಂಟು, ಮೇಣವೂ ಉಂಟು.

ಹಿಂಡಿದ ಎರಿಯನ್ನು ಹಾಗೇ ಇಡಬೇಡಿರಿ. ವಾರ ಹದಿನೈದು ದಿನದಲ್ಲಿ ಮೇಣದ ಪತಂಗ ಮೊಟ್ಟೆ ಇಟ್ಟು, ಹುಳು ಎಲ್ಲವನ್ನೂ ತಿಂದು ಬಲೆ ಕಟ್ಟುತ್ತದೆ. ಕರಗಿಸಿ ಗಟ್ಟಿ ಮಾಡಿಟ್ಟ ಮೇಣಕ್ಕೆ ಆ ಭಯ ಇಲ್ಲ.

ಎರಿಯನ್ನು ತಣ್ಣೀರಿನಲ್ಲಿ ತೊಳೆದು ಅಂಟಿದ ಜೇನು ತೆಗೆಯಿರಿ. ಹಳೆಯ ಹತ್ತಿ ಬಟ್ಟೆಯ ಚೀಲಕ್ಕೆ ತುಂಬಿ ಬಾಯಿ ಕಟ್ಟಿರಿ. ಸ್ಟೀಲ್ ಪಾತ್ರೆಯಲ್ಲಿ ನೀರು ಕಾಯಿಸಿ, ಚೀಲವನ್ನು ಅದರೊಳಗೆ ಮುಳುಗಿಸಿ, ಮೇಲೆ ಒಂದು ಕಲ್ಲು ಹೇರಿರಿ. ಕಬ್ಬಿಣದ ಬಾಣಲೆ ಬೇಡ, ಮೇಣ ಕಪ್ಪಾಗುತ್ತದೆ. ತಾಮ್ರ ಹಿತ್ತಾಳೆ ಬೇಡ, ಹಸಿರು ಬಣ್ಣ ಬರುತ್ತದೆ. ನೀರು ಕುದಿದು ಉಕ್ಕಬಾರದು. ಸಣ್ಣ ಉರಿ ಸಾಕು. ಕೋಲಿನಿಂದ ಚೀಲವನ್ನು ಒತ್ತುತ್ತಾ ಇದ್ದರೆ ಮೇಣ ಜಿನುಗಿ ನೀರಿನ ಮೇಲೆ ತೇಲುತ್ತದೆ. ಆಮೇಲೆ ಒಲೆ ಆರಿಸಿ, ಪಾತ್ರೆಯ ಮೇಲೆ ಗೋಣಿ ಮುಚ್ಚಿ ರಾತ್ರಿಯೆಲ್ಲಾ ಬಿಡಿರಿ. ನಿಧಾನವಾಗಿ ಆರಿದಷ್ಟೂ ಕಸ ಕೆಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ರೊಟ್ಟಿಯಂತೆ ಗಟ್ಟಿಯಾದ ಮೇಣ ಎತ್ತಿ, ತಳದ ಕೊಳೆಯನ್ನು ಚಾಕುವಿನಿಂದ ಕೆರೆಯಿರಿ. ಬಿಲ್ಲೆಗೆ ಬೇಕಾದರೆ ಇನ್ನೊಂದು ಸಲ ಕರಗಿಸಿ ದಪ್ಪ ಬಟ್ಟೆಯಲ್ಲಿ ಸೋಸಿರಿ.

ನೀರಿನ ವಿಚಾರ ಒಂದು ಮಾತು. ಕೊಳವೆ ಬಾವಿಯ ಗಡಸು ನೀರಿನಲ್ಲಿ ಮೇಣ ಸಾಬೂನಿನಂತೆ ಮೆದುವಾಗಿ ನೊರೆಗಟ್ಟುವುದುಂಟು. ಮಳೆ ನೀರು ಒಳ್ಳೆಯದು. ಇಲ್ಲವಾದರೆ ನಾಲ್ಕೈದು ಲೀಟರಿಗೆ ಒಂದು ಚಮಚ ವಿನೆಗರ್ ಹಾಕಿಕೊಳ್ಳಿರಿ.

ಕೊಂಡ ಮೇಣ ಶುದ್ಧವೇ?

ಹದಕ್ಕಾಗಿ ಬೆರೆಸುವುದು ಬೇರೆ, ಮೋಸಕ್ಕಾಗಿ ಬೆರೆಸುವುದು ಬೇರೆ. ಜೇನುಮೇಣ ಎಂದು ಮಾರುವ ಹಳದಿ ಗಟ್ಟಿಯಲ್ಲಿ ಪ್ಯಾರಾಫಿನ್ ಬೆರೆತಿರಬಹುದು. ಗಟ್ಟಿಯನ್ನು ಮುರಿದು ನೋಡಿರಿ. ಶುದ್ಧ ಮೇಣದ ಮುರಿದ ಬಾಯಿ ಸಣ್ಣ ಕಾಳಿನಂತೆ ಒರಟಾಗಿರುತ್ತದೆ. ಪ್ಯಾರಾಫಿನ್ ಬೆರೆತದ್ದು ಕೈಗೆ ನುಣ್ಣಗೆ ಜಾರುತ್ತದೆ, ಅಂಚಿನಲ್ಲಿ ಬೆಳಕು ಹಾಯುತ್ತದೆ.

ಇನ್ನೂ ಖಚಿತವಾದ ಪರೀಕ್ಷೆ ಹೀಗೆ. ನಿಮಗೆ ಶುದ್ಧವೆಂದು ಗೊತ್ತಿರುವ, ನೀವೇ ತೆಗೆದ ಮೇಣದ ಒಂದು ಚೂರು, ಸಂಶಯದ ಮೇಣದ ಒಂದು ಚೂರು, ಎರಡನ್ನೂ ಒಂದು ಗಾಜಿನ ಲೋಟದ ನೀರಿಗೆ ಹಾಕಿರಿ. ಎರಡೂ ತೇಲುತ್ತವೆ. ಔಷಧದಂಗಡಿಯ ಸ್ಪಿರಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಕಲಕುತ್ತಾ ಬನ್ನಿರಿ. ಸ್ಪಿರಿಟ್ ನೀರಿಗಿಂತ ಹಗುರ. ಹಾಕಿದಷ್ಟೂ ಲೋಟದ ದ್ರವ ಹಗುರಾಗುತ್ತದೆ. ಜೇನುಮೇಣ ಪ್ಯಾರಾಫಿನ್ನಿಗಿಂತ ಭಾರ. ಆದುದರಿಂದ ಶುದ್ಧವಾದದ್ದು ಮೊದಲು ಮುಳುಗುತ್ತದೆ. ಬೆರಕೆಯದು ಆಗಲೂ ಮೇಲೇ ತೇಲುತ್ತಿದ್ದರೆ ಗುಟ್ಟು ರಟ್ಟಾಯಿತು. ಚೂರುಗಳಿಗೆ ಗಾಳಿಯ ಗುಳ್ಳೆ ಅಂಟಿರದಂತೆ ನೋಡಿಕೊಳ್ಳಿರಿ. ಸ್ಪಿರಿಟ್ ಬೆಂಕಿ ಹಿಡಿಯುವ ಪದಾರ್ಥ. ಒಲೆಯ ಹತ್ತಿರ ಈ ಪರೀಕ್ಷೆ ಬೇಡ.

ಪಾಲಿನ ಲೆಕ್ಕ

ಈಗ ಹದಕ್ಕೆ ಬರೋಣ. ೫೦೦ ಗ್ರಾಂ ಮೇಣಕ್ಕೆ ಲೆಕ್ಕ ಹೇಳುತ್ತೇನೆ. ಸೇರು ಪಾವಿನ ಅಳತೆ ಇಲ್ಲಿ ನಡೆಯದು, ತೂಕವೇ ಆಗಬೇಕು.

ಮೊದಲನೆಯದು ಸಾಧಾರಣ ಹದ. ಜೇನುಮೇಣ ೧೫೦ ಗ್ರಾಂ, ಸೋಯಾ ಮೇಣ ೩೫೦ ಗ್ರಾಂ. ಮಳೆಗಾಲ ಚಳಿಗಾಲಕ್ಕೆ, ಮನೆಯ ಬಳಕೆಗೆ ಇದು ಸರಿ.

ಎರಡನೆಯದು ಬೇಸಿಗೆಯ ಹದ. ಜೇನುಮೇಣ ೨೦೦ ಗ್ರಾಂ, ಸೋಯಾ ಮೇಣ ೩೦೦ ಗ್ರಾಂ. ಮೈಸೂರಿಗೆ, ಬೆಂಗಳೂರಿಗೆ ಕಳುಹಿಸುವವರು ಇದನ್ನು ಹಿಡಿಯಿರಿ.

ಮೂರನೆಯದು ಪೂರ್ತಿ ನಮ್ಮ ನೆಲದ್ದೇ. ಜೇನುಮೇಣ ೪೦೦ ಗ್ರಾಂ, ಕೊಬ್ಬರಿ ಎಣ್ಣೆ ೧೦೦ ಗ್ರಾಂ. ಸ್ವಲ್ಪ ತಡವಾಗಿ ಕರಗುತ್ತದೆ, ಜೇನಿನ ವಾಸನೆ ಮುಂದಾಗಿರುತ್ತದೆ. ಲಾವಂಚದಂಥ ಗಾಢ ಪರಿಮಳಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಎಣ್ಣೆ ಹೆಚ್ಚು ಮಾಡಿದರೆ ಬೇಸಿಗೆಯಲ್ಲಿ ಬಿಲ್ಲೆ ಬೆವರುತ್ತದೆ.

ನಾಲ್ಕನೆಯದು ಅಗ್ಗದ ಹದ. ಪ್ಯಾರಾಫಿನ್ ೪೫೦ ಗ್ರಾಂ, ಸ್ಟಿಯರಿಕ್ ಆಸಿಡ್ ೫೦ ಗ್ರಾಂ. ಇದನ್ನು ಮಾಡುವುದು ತಪ್ಪಲ್ಲ. ಇದನ್ನು ಮಾಡಿ ಜೇನುಮೇಣವೆಂದು ಹೇಳುವುದು ತಪ್ಪು.

ನಿಮ್ಮ ಹದ ಸರಿಯಾಯಿತೇ ಎಂದು ತಿಳಿಯಲು ಸುಲಭ ದಾರಿ ಉಂಟು. ಒಂದು ಬಿಲ್ಲೆಯನ್ನು ಸ್ಟೀಲ್ ತಟ್ಟೆಯ ಮೇಲೆ ಇಟ್ಟು, ಮಧ್ಯಾಹ್ನ ತಗಡಿನ ಸೂರಿನ ಕೆಳಗೆ ಎರಡು ಗಂಟೆ ಬಿಡಿರಿ. ಬೆರಳಿಟ್ಟರೆ ಗುಳಿ ಬೀಳುವಂತಿದ್ದರೆ ಮುಂದಿನ ಸಲ ಜೇನುಮೇಣ ೫೦ ಗ್ರಾಂ ಹೆಚ್ಚಿಸಿ, ಸೋಯಾ ಅಷ್ಟೇ ತಗ್ಗಿಸಿರಿ. ಗಟ್ಟಿಯಾಗಿದ್ದೂ ದೀಪದ ಬಟ್ಟಲಲ್ಲಿ ಕರಗಲು ತೀರ ಹೊತ್ತು ಹಿಡಿದರೆ ಅದಕ್ಕೆ ತಿರುಗು ಮುರುಗು ಮಾಡಿರಿ. ಪ್ರತಿ ಸಲದ ಪಾಲನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ.

ಪರಿಮಳ ಯಾವುದು?

ನಮ್ಮ ಮೈಸೂರು ಸೀಮೆಗೆ ಪರಿಮಳದ ಹೆಸರು ಮೊದಲಿನಿಂದಲೂ ಉಂಟು. ೧೯೧೬ರಲ್ಲಿ ಮೈಸೂರಿನಲ್ಲಿ ಸರಕಾರದ ಗಂಧದೆಣ್ಣೆ ಕಾರ್ಖಾನೆ ಆಯಿತು. ಮೈಸೂರು ಅಗರಬತ್ತಿ ದೇಶವಿದೇಶಕ್ಕೆ ಹೋಗುತ್ತದೆ. ಆದರೆ ಶ್ರೀಗಂಧದ ಎಣ್ಣೆಯ ಬೆಲೆ ಕೇಳಿದರೆ ಬಿಲ್ಲೆಗೆ ಹಾಕುವ ಆಸೆ ಅಲ್ಲಿಗೇ ನಿಂತೀತು. ಮರ ನಿಮ್ಮ ಹೊಲದಲ್ಲೇ ಇದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗಂಧದ ಪುಡಿ ಹಾಕಿದರೆ ಆಗದೇ ಎಂದರೆ, ಆಗದು. ಪುಡಿ ತಳಕ್ಕೆ ಕೂರುತ್ತದೆ, ವಾಸನೆ ಕೊಡುವುದಿಲ್ಲ.

ಹಾಗೆಯೇ ಮಲ್ಲಿಗೆ ಹೂವನ್ನು ಕರಗಿದ ಮೇಣಕ್ಕೆ ಹಾಕಿದರೆ ಹೂ ಬೆಂದು ಕಂದಾಗುತ್ತದೆ. ಅದರ ನೀರಿನಿಂದ ಬಿಲ್ಲೆಗೆ ಬೂಷ್ಟು ಹಿಡಿಯುತ್ತದೆ. ಹೂವಿನ ಪರಿಮಳವನ್ನು ಕೊಬ್ಬಿಗೆ ಅಥವಾ ಎಳ್ಳಿಗೆ ದಿನಾ ಹೊಸ ಹೂ ಹಾಸಿ ಹಾಸಿ ಹಿಡಿಸುವುದು ಬೇರೆಯೇ ಕಸುಬು. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಮಲ್ಲಿಗೆ ಎಣ್ಣೆ ಸಾಮಾನ್ಯವಾಗಿ ಕೃತಕ. ಹಾಕಬಹುದು, ಆದರೆ ಅದನ್ನು ಅಚ್ಚ ಹೂವಿನದೆಂದು ಮಾರಬಾರದು.

ನಮ್ಮ ಕೈಗೆ ನಿಲುಕುವವು ನೀಲಗಿರಿ ಎಣ್ಣೆ, ಮಜ್ಜಿಗೆ ಹುಲ್ಲಿನ ಎಣ್ಣೆ, ಲಾವಂಚದ ಎಣ್ಣೆ. ಇವುಗಳ ನಡತೆ ಬೇರೆ ಬೇರೆ. ನೀಲಗಿರಿ ಮೊದಲು ಮೂಗಿಗೆ ಬಡಿದು ಬೇಗ ಹೋಗಿಬಿಡುತ್ತದೆ. ಮಜ್ಜಿಗೆ ಹುಲ್ಲು ನಡುವೆ ನಿಲ್ಲುತ್ತದೆ. ಲಾವಂಚ ತಡವಾಗಿ ಏಳುತ್ತದೆ, ಕೊನೆಯ ತನಕ ಇರುತ್ತದೆ. ಮೂರನ್ನೂ ಕೂಡಿಸಿದರೆ ಒಂದು ಹೋದರೂ ಇನ್ನೊಂದು ಇರುತ್ತದೆ.

ಎಷ್ಟು ಹಾಕಬೇಕು? ಸೋಯಾ ಹೆಚ್ಚಿರುವ ಮೇಣಕ್ಕೆ ನೂರಕ್ಕೆ ೬ ಪಾಲು. ೫೦೦ ಗ್ರಾಮಿಗೆ ೩೦ ಗ್ರಾಂ. ನೀಲಗಿರಿ ೧೨, ಮಜ್ಜಿಗೆ ಹುಲ್ಲು ೧೨, ಲಾವಂಚ ೬ ಗ್ರಾಂ ಹಾಕಿ ನೋಡಿರಿ. ಜೇನುಮೇಣ ಹೆಚ್ಚಿದ್ದರೆ ನೂರಕ್ಕೆ ೪ ಪಾಲು ಸಾಕು. "ಇನ್ನಷ್ಟು ಸುರಿದರೆ ಇನ್ನಷ್ಟು ಘಮ" ಅನ್ನೋದು ತಪ್ಪು ಲೆಕ್ಕ. ಮೇಣ ಹಿಡಿಯಲಾರದ ಎಣ್ಣೆ ಮೇಲಕ್ಕೆ ಬಂದು ಬೆವರುತ್ತದೆ, ಕಾಗದ ನೆನೆಯುತ್ತದೆ, ದುಡ್ಡೂ ಹೋಗುತ್ತದೆ.

ಮಾಡುವ ಕ್ರಮ

ಒಂದು ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಮೇಣದ ಸಣ್ಣ ಪಾತ್ರೆ. ನೇರವಾಗಿ ಒಲೆಯ ಮೇಲೆ ಮೇಣ ಇಡಲೇಬಾರದು. ನೀರು ನೂರು ಡಿಗ್ರಿಗಿಂತ ಮೇಲೆ ಏರದು. ಆದುದರಿಂದ ಮೇಣವೂ ಏರದು. ಒಳಗಿನ ಪಾತ್ರೆ ಬೇರೆಯೇ ಇರಲಿ, ಅಡಿಗೆಗೆ ಮತ್ತೆ ಬಳಸಬೇಡಿರಿ.

ಮೊದಲು ಜೇನುಮೇಣ ತುರಿದು ಹಾಕಿರಿ. ಅದು ಕರಗಿದ ಮೇಲೆ ಮೆತ್ತಗಿನ ಮೇಣ ಹಾಕಿರಿ. ಎರಡೂ ಒಂದಾಗುವ ತನಕ ಕಲಕಿರಿ. ಜೇನುಮೇಣ ೮೫ ಡಿಗ್ರಿ ಸೆಂಟಿಗ್ರೇಡ್ ದಾಟಿದರೆ ಬಣ್ಣ ಕೆಡುತ್ತದೆ. ಅಡಿಗೆಯ ಉಷ್ಣಮಾಪಕ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿರಿ. ಬ್ಯಾರನ್ನಿನ ಗಾಜಿನ ಮಾಪಕವನ್ನು ಮೇಣಕ್ಕೆ ಅದ್ದಬೇಡಿರಿ, ಒಡೆದರೆ ಅಪಾಯ.

ಒಲೆಯಿಂದ ಇಳಿಸಿರಿ. ಕಾವು ೭೫ರ ಹತ್ತಿರ ಬಂದಾಗ ಪರಿಮಳದ ಎಣ್ಣೆ ಹಾಕಿ, ಎರಡು ನಿಮಿಷ ನಿಧಾನವಾಗಿ ಕಲಕಿರಿ. ಒಲೆಯ ಮೇಲಿರುವಾಗ ಎಣ್ಣೆ ಹಾಕಬಾರದು. ನೀಲಗಿರಿ ಎಣ್ಣೆಯ ಆವಿ ಬೆಂಕಿಗೆ ಹೊತ್ತಿಕೊಳ್ಳುತ್ತದೆ. ಪಾತ್ರೆಯ ಅಂಚಿನಲ್ಲಿ ಮೇಣ ತೆಳ್ಳಗೆ ಕೆನೆಗಟ್ಟಲು ಶುರುವಾದಾಗ ಅಚ್ಚಿಗೆ ಹೊಯ್ಯಿರಿ. ಸಿಲಿಕೋನ್ ಅಚ್ಚು ಇದ್ದರೆ ಬಿಲ್ಲೆ ತಾನಾಗಿ ಬಿಡುತ್ತದೆ. ಬೇರೆ ಅಚ್ಚಾದರೆ ಒಳಗೆ ಕೊಬ್ಬರಿ ಎಣ್ಣೆ ಸವರಿರಿ. ೨೦ ಗ್ರಾಂ ತೂಕದ ಬಿಲ್ಲೆಯಾದರೆ ೫೩೦ ಗ್ರಾಂ ಮಿಶ್ರಣದಿಂದ ೨೬ ಬಿಲ್ಲೆ ಆಗುತ್ತವೆ.

ಫ್ಯಾನಿನ ಗಾಳಿಗೆ ಇಡಬೇಡಿರಿ, ತಣ್ಣೀರಿನಲ್ಲಿ ಇಡಬೇಡಿರಿ. ಅವಸರಪಡಿಸಿದರೆ ಬಿರುಕು ಬಿಡುತ್ತದೆ. ತೆಗೆದ ಮೇಲೆ ಡಬ್ಬಿಯಲ್ಲಿ ಮುಚ್ಚಿ, ಸೋಯಾ ಹೆಚ್ಚಿದ್ದರೆ ಹತ್ತು ಹದಿನೈದು ದಿನ ಇಡಿರಿ. ಉಪ್ಪಿನಕಾಯಿಗೆ ಉಪ್ಪು ಖಾರ ಹಿಡಿಯುವಂತೆ ಪರಿಮಳ ಮೇಣಕ್ಕೆ ಹಿಡಿಯಬೇಕು. ಮರುದಿನವೇ ಕರಗಿಸಿ ನೋಡಿ "ವಾಸನೆ ಇಲ್ಲ" ಅನ್ನಬೇಡಿರಿ. ಬಿಲ್ಲೆಯ ಮೇಲೆ ಬಿಳಿ ಪುಡಿಯಂತೆ ಕಂಡರೆ ಹೆದರಬೇಕಾಗಿಲ್ಲ. ಅದು ಸೋಯಾ ಮೇಣದ, ಜೇನುಮೇಣದ ಸಹಜ ಗುಣ, ಬೂಷ್ಟಲ್ಲ.

ಬೆಂಕಿಯ ಎಚ್ಚರಿಕೆ

ತಾಯಂದಿರೇ, ಈ ಮಾತನ್ನು ಗಮನವಿಟ್ಟು ಕೇಳಿರಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಬಿದ್ದ ಕ್ಷಣ ಆವಿಯಾಗಿ, ಉರಿಯುವ ಮೇಣವನ್ನು ಮೇಲಕ್ಕೆ ಎರಚುತ್ತದೆ. ಹಸಿ ಗೋಣಿಯೂ ಬೇಡ. ಒಲೆ ಆರಿಸಿ, ಪಾತ್ರೆಗೆ ತಟ್ಟೆ ಮುಚ್ಚಿರಿ. ಗಾಳಿ ಸಿಗದೆ ಬೆಂಕಿ ತಾನೇ ಆರುತ್ತದೆ. ಕೆಲಸ ಶುರು ಮಾಡುವ ಮೊದಲೇ ಸರಿಯಾಗಿ ಕೂರುವ ತಟ್ಟೆ ಒಂದು, ಒಣ ಮರಳಿನ ಬಕೆಟ್ಟು ಒಂದು ಪಕ್ಕದಲ್ಲಿರಲಿ. ಒಲೆಯ ಮೇಲೆ ಮೇಣ ಇರುವಾಗ ಹಸು ಕಟ್ಟಲು, ಮಗು ಎತ್ತಿಕೊಳ್ಳಲು ಎದ್ದು ಹೋಗಬೇಡಿರಿ. ಏಳಲೇಬೇಕಾದರೆ ಒಲೆ ಆರಿಸಿ ಏಳಿರಿ. ಬ್ಯಾರನ್ ಉರಿಯುತ್ತಿರುವ ದಿನಗಳಲ್ಲಿ ಈ ಕೆಲಸ ಹಚ್ಚಿಕೊಳ್ಳಬೇಡಿರಿ. ಎರಡು ಬೆಂಕಿಯನ್ನು ಒಬ್ಬರು ಕಾಯಲಾಗದು.

ಬಿಸಿ ಮೇಣ ಕೈಗೆ ಬಿದ್ದರೆ ಕೀಳಬೇಡಿರಿ. ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿದು, ಆಸ್ಪತ್ರೆಗೆ ತೋರಿಸಿರಿ. ಬಿಲ್ಲೆ ತಿಂಡಿಯಂತೆ ಕಾಣುತ್ತದೆ. ಮಕ್ಕಳ ಕೈಗೆ ಸಿಗದಿರಲಿ. ನೀಲಗಿರಿ ಎಣ್ಣೆ, ಕರ್ಪೂರ ಮಗುವಿನ ಹೊಟ್ಟೆಗೆ ಹೋದರೆ ವಿಷ. ಹಸುಗೂಸು ಇರುವ ಕೋಣೆಯಲ್ಲಿ, ಉಬ್ಬಸದವರ ಹತ್ತಿರ ಈ ಬಿಲ್ಲೆ ಹಚ್ಚಬೇಡಿರಿ. ದೀಪಕ್ಕೂ ಬಟ್ಟಲಿಗೂ ನಾಲ್ಕೈದು ಬೆರಳಗಲ ಅಂತರ ಇರಲಿ, ಬರಿ ಬಟ್ಟಲ ಕೆಳಗೆ ದೀಪ ಉರಿಯದಿರಲಿ.

ಲಾಭದ ಲೆಕ್ಕ

"ಇಷ್ಟೆಲ್ಲಾ ಮಾಡಿ ಏನು ಬಂತು?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಇದರಿಂದ ಮನೆ ನಡೆಯದು. ಹೊಗೆಸೊಪ್ಪಿನ ಜಾಗಕ್ಕೂ ಇದು ಬರದು. ಬಿಡುವಿನ ದಿನಗಳಲ್ಲಿ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬರುವ ಕೆಲಸ, ಅಷ್ಟೇ.

ಲೆಕ್ಕ ಹೀಗೆ ಹಾಕಿರಿ. ನಿಮ್ಮ ಮನೆಯ ಮೇಣಕ್ಕೆ ಬೆಲೆ ಇಲ್ಲ ಅಂದುಕೊಳ್ಳಬೇಡಿರಿ. ಅದನ್ನು ಹಾಗೇ ಮಾರಿದ್ದರೆ ಎಷ್ಟು ಬರುತ್ತಿತ್ತೋ ಅದು ಮೊದಲ ಖರ್ಚು. ಸೋಯಾ ಮೇಣ ಎರಡನೆಯದು. ಪರಿಮಳದ ಎಣ್ಣೆ ಮೂರನೆಯದು; ಬಹುಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಖರ್ಚು ಇದೇ. ಆಮೇಲೆ ಉರುವಲು, ಕಾಗದ, ಡಬ್ಬಿ, ಬಸ್ಸಿನ ಚಾರ್ಜು, ನಿಮ್ಮ ದಿನದ ಕೂಲಿ. ಎಲ್ಲ ಕೂಡಿ ಬಿಲ್ಲೆಗಳ ಎಣಿಕೆಯಿಂದ ಭಾಗಿಸಿರಿ. ಒಡೆದದ್ದು, ಉಳಿದದ್ದಕ್ಕೆ ಹತ್ತರಲ್ಲಿ ಒಂದು ಭಾಗ ಬಿಡಿರಿ. ಬಂದ ಬೆಲೆಗಿಂತ ಹೆಚ್ಚಿಗೆ ಮಾರಲಾಗದಿದ್ದರೆ ಮೇಣವನ್ನು ಶುದ್ಧ ಗಟ್ಟಿ ಮಾಡಿ ಮಾರುವುದೇ ಲೇಸು. ಹೇಗೂ ಅದು ಹಿತ್ತಿಲಿಗೆ ಎಸೆದದ್ದಕ್ಕಿಂತ ಲಾಭವೇ.

ಕಾಲ ನೋಡಿ ಕೆಲಸ ಮಾಡಿರಿ. ನಮ್ಮ ಕಾಡುಗಳಲ್ಲಿ ಹೆಜ್ಜೇನು ಸಿಗುವುದು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ. ಆಗಲೇ ಎರಿ ಕರಗಿಸಿ ಗಟ್ಟಿ ಮಾಡಿಡಿರಿ. ದಸರೆಗೆ ಒಂದು ತಿಂಗಳು ಮುಂಚೆ ಬಿಲ್ಲೆ ಮಾಡಿರಿ. ಕಬಿನಿ, ನಾಗರಹೊಳೆ ನೋಡಲು ಬರುವವರು, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬರುವ ಯಾತ್ರಿಕರು, ಮೈಸೂರಿನ ದಸರಾ ವಸ್ತುಪ್ರದರ್ಶನ, ಇವೆಲ್ಲ ನಮ್ಮ ಹತ್ತಿರದ ಸಂತೆಗಳೇ. ಸ್ತ್ರೀಶಕ್ತಿ ಸಂಘದ ನಾಲ್ಕೈದು ಮಂದಿ ಕೂಡಿ ಮಾಡಿದರೆ ಒಂದೇ ತಕ್ಕಡಿ, ಒಂದೇ ಅಚ್ಚು ಸಾಕು. ಮೊದಲ ಸಲ ೨೬ ಬಿಲ್ಲೆಗಿಂತ ಹೆಚ್ಚು ಬೇಡ. ಸಾಲ ತಂದು ಯಂತ್ರ ಕೊಳ್ಳಲಂತೂ ಬೇಡವೇ ಬೇಡ.

ಕಟ್ಟಿನ ಮೇಲೆ ಮೇಣ ಯಾವುದು, ಪರಿಮಳ ಯಾವುದು, ತೂಕ ಎಷ್ಟು, ಮಾಡಿದ ತಿಂಗಳು, ಬೆಲೆ, ನಿಮ್ಮ ವಿಳಾಸ, ಇಷ್ಟನ್ನೂ ಬರೆಯಿರಿ. ಕಟ್ಟಿ ಮಾರುವ ಪದಾರ್ಥಕ್ಕೆ ಕಾನೂನೂ ಇದನ್ನು ಕೇಳುತ್ತದೆ. ಸೋಯಾ ಬೆರೆಸಿದ್ದರೆ ಸೋಯಾ ಬೆರೆಸಿದೆ ಎಂದೇ ಬರೆಯಿರಿ. ಹದ ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆ ಏಕೆ? ಒಮ್ಮೆ ಕೊಂಡವರು ಎರಡನೆಯ ಸಲ ಬರುವುದು ಆ ಮಾತಿನ ಮೇಲೆ.

ಪರಿಮಳ ಮುಗಿದ ಮೇಣವನ್ನೂ ಚರಂಡಿಗೆ ಸುರಿಯಬೇಡಿರಿ, ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಕುಡುಗೋಲಿಗೆ ಸವರಿದರೆ ತುಕ್ಕು ಹಿಡಿಯದು. ಸೌದೆ ಹೊತ್ತಿಸಲು ತೆಂಗಿನ ನಾರಿಗೆ ಹಚ್ಚಬಹುದು.

ಜೇನು ಸಾಕಣೆ ಕಲಿಯಬೇಕೆನ್ನುವವರು ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ, ಇಲ್ಲವೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಈ ವರ್ಷ ಎರಿ ಹಿಂಡಿದಾಗ ಹಿಪ್ಪೆ ಎಸೆಯುವ ಮುಂಚೆ ಒಂದು ಸಲ ಪಾತ್ರೆಗೆ ಹಾಕಿ ಕರಗಿಸಿ ನೋಡಿರಿ.